ಕಂಬೈಂಡ್ ಸ್ಟಡಿಗೊಂದು ಕೋಣೆ

ಸಂಕ್ರಾಂತಿ ಕಳೆದರೆ ಸಾಕು, ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ದಿನವೂ ಒಂದು ಸಣ್ಣ ವಿಚಾರಣೆ ನಡೆಯುತ್ತದೆ. ‘ಅಮ್ಮ, ಕಂಬೈಂಡ್ ಸ್ಟಡಿ ಇದೆ, ಹೋಗ್ಬರ್ತೀನಿ.’ ‘ಯಾರ ಮನೇಲಿ?’ ‘ಹಿಂದಿನ ಕ್ರಾಸಲ್ಲಿ.’ ‘ಅವರಮ್ಮ ಮನೇಲಿರ್ತಾರಾ? ಎಷ್ಟು ಜನ ಸೇರ್ತೀರಾ? ಫೋನ್ ಇಲ್ಲೇ ಇಟ್ಟು ಹೋಗು.’ ಮಗ ಫೋನ್ ಇಟ್ಟು ಹೊರಡುತ್ತಾನೆ. ಉಳಿದ ಮೂವರ ಜೇಬಿನಲ್ಲಿ ಫೋನ್ ಇರುತ್ತದೆಂದು ಅಮ್ಮನಿಗೂ ಗೊತ್ತು. ಕೇಳಿದವಳು ಮಗಳಾದರೆ ವಿಚಾರಣೆ ಇನ್ನೂ ಉದ್ದವಾಗುತ್ತದೆ, ಬಹಳ ಸಲ ‘ಬೇಡ, ಮನೇಲೇ ಓದ್ಕೋ’ ಎಂಬಲ್ಲಿಗೆ ಮುಗಿಯುತ್ತದೆ.

ಬೆಂಗಳೂರಿನ ಉತ್ತರದಲ್ಲಿ, ವಿದ್ಯಾರಣ್ಯಪುರದ ಮಗ್ಗುಲಿಗಿರುವ ಸಿಂಗಾಪುರದಂಥ ಊರಿನಲ್ಲಿ ಈ ವಿಚಾರಣೆಗೆ ಇನ್ನೊಂದು ಆಯಾಮವಿದೆ. ಕೆರೆಯಿರುವ ಹಳೆಯ ಹಳ್ಳಿ, ಅದರ ಸುತ್ತ ಎದ್ದ ಬಡಾವಣೆಗಳು, ಒಂದೊಂದು ಸೈಟಿನಲ್ಲಿ ಮೂರು ನಾಲ್ಕು ಬಾಡಿಗೆ ಮನೆ. ಒಂದು ದಿಕ್ಕಿಗೆ ಜಾಲಹಳ್ಳಿಯ ವಾಯುಪಡೆ ನೆಲೆ ಮತ್ತು ಬಿಇಎಲ್, ಇನ್ನೊಂದು ದಿಕ್ಕಿಗೆ ಯಲಹಂಕದ ಎಂಜಿನಿಯರಿಂಗ್ ಕಾಲೇಜುಗಳು ಮತ್ತು ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ. ಸುತ್ತಮುತ್ತ ಓದುವ ಮಕ್ಕಳಿಗೇನೂ ಬರವಿಲ್ಲ. ಹಾಲ್‌ನಲ್ಲಿ ಟಿವಿ, ರೂಮಿನಲ್ಲಿ ಅಜ್ಜಿ, ಅಡುಗೆಮನೆಯಲ್ಲಿ ಕುಕ್ಕರ್ ಇರುವ ಮನೆಯಲ್ಲಿ ನಾಲ್ಕು ಮಕ್ಕಳು ವೃತ್ತವಾಗಿ ಕೂತು ಎರಡು ಗಂಟೆ ಮಾತಾಡಿಕೊಂಡು ಓದುವುದಕ್ಕೆ ಮಾತ್ರ ಜಾಗ ಸಿಗುವುದಿಲ್ಲ.

ಜಾಗದ ಮಾತಿಗೆ ಮುಂಚೆ ಅಮ್ಮಂದಿರ ಅನುಮಾನದ ಇತ್ಯರ್ಥ ಆಗಬೇಕು. ಅದು ಅರ್ಧ ಸರಿ. ಜೊತೆಗೂಡಿ ಓದಿದರೆ ತಾನಾಗಿಯೇ ಒಳ್ಳೆಯದಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಜನರಿಂದ ಹಗ್ಗ ಎಳೆಸಿ ಬಲ ಅಳೆದ. 1913ರಲ್ಲಿ ಪ್ರಕಟವಾದ ಅವನ ಲೆಕ್ಕದ ಪ್ರಕಾರ, ಎಂಟು ಮಂದಿ ಸೇರಿ ಎಳೆಯುವಾಗ ಒಬ್ಬೊಬ್ಬನ ಪಾಲಿನ ಬಲ ಅವನೊಬ್ಬನೇ ಎಳೆಯುವಾಗಿನ ಅರ್ಧಕ್ಕೆ ಇಳಿದಿತ್ತು. ಹತ್ತು ಜನರ ಪ್ರಾಜೆಕ್ಟ್‌ನಲ್ಲಿ ಇಬ್ಬರು ದುಡಿದು ಎಂಟು ಜನ ಹೆಸರು ಬರೆಸಿಕೊಳ್ಳುವುದನ್ನು ಕಂಡ ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಇದು ಹೊಸ ಸುದ್ದಿಯಲ್ಲ. ನೆನಪಿನ ವಿಷಯದಲ್ಲೂ ಹೀಗೇ. 1997ರಲ್ಲಿ ವೆಲ್ಡನ್ ಮತ್ತು ಬೆಲ್ಲಿಂಜರ್ ಎಂಬ ಸಂಶೋಧಕಿಯರು ಮೂವರನ್ನು ಒಟ್ಟಿಗೆ ಕೂರಿಸಿ ಕಲಿತದ್ದನ್ನು ನೆನಪಿಸಿಕೊಳ್ಳಲು ಹೇಳಿದರು. ಬೇರೆ ಮೂವರಿಗೆ ಅದನ್ನೇ ಒಬ್ಬೊಬ್ಬರಾಗಿ ನೆನಪಿಸಿಕೊಳ್ಳಲು ಹೇಳಿ, ಆಮೇಲೆ ಅವರ ಉತ್ತರಗಳನ್ನು ಕೂಡಿಸಿದರು. ಒಂಟಿಯಾಗಿ ನೆನೆದವರ ಮೊತ್ತವೇ ದೊಡ್ಡದಿತ್ತು. ಒಬ್ಬ ಮಾತಾಡುತ್ತಿದ್ದರೆ ಇನ್ನೊಬ್ಬನ ತಲೆಯಲ್ಲಿದ್ದ ಎಳೆ ಕಡಿದುಹೋಗುತ್ತದೆ.

ಹಾಗಾದರೆ ಬಾಗಿಲು ಹಾಕಿಕೊಂಡು ಒಬ್ಬನೇ ಓದುವುದು ಸರಿಯೇ? ಅಲ್ಲಿಯೂ ಒಂದು ಮೋಸವಿದೆ, ಮತ್ತು ಅದು ಅಮ್ಮಂದಿರ ಕಣ್ಣಿಗೆ ಬೀಳುವುದಿಲ್ಲ.

ಒಂಟಿ ಓದಿನ ಸಾಮಾನ್ಯ ರೂಪವೆಂದರೆ ಓದಿದ್ದನ್ನೇ ಮತ್ತೆ ಓದುವುದು. ಹಳದಿ ಹೈಲೈಟರ್‌ನಲ್ಲಿ ಗೆರೆ ಎಳೆಯುವುದು, ನೋಟ್ಸನ್ನು ಅಂದವಾಗಿ ಇನ್ನೊಂದು ಪುಸ್ತಕಕ್ಕೆ ಇಳಿಸುವುದು, ಉರು ಹೊಡೆಯುವುದು. ಮೂರನೆಯ ಸಲ ಓದುವಾಗ ಪುಟ ಪರಿಚಿತವಾಗಿರುತ್ತದೆ. ಪರಿಚಯವನ್ನೇ ತಿಳಿವಳಿಕೆ ಎಂದುಕೊಂಡ ಮನಸ್ಸು ‘ಇದು ಬರುತ್ತೆ’ ಎಂದು ಪುಟ ತಿರುವುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಈ ಮೋಸವನ್ನು ಅಂಕಿಗಳಲ್ಲಿ ಹಿಡಿಯಿತು. ಒಂದು ಗುಂಪು ಗದ್ಯಭಾಗವೊಂದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಠ್ಯ ನೋಡದೆ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು: ಅವರಿಗೆ ಶೇ 83, ಬರೆದವರಿಗೆ ಶೇ 71. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ಮಗುಚಿತ್ತು. ಓದಿದವರಲ್ಲಿ ಉಳಿದದ್ದು ಶೇ 40, ನೆನಪಿಸಿಕೊಂಡು ಬರೆದವರಲ್ಲಿ ಶೇ 61.

ಹಾಲ್ ಟಿಕೆಟ್ ಹಿಡಿದು ಗೇಟಿನ ಮುಂದೆ ನಿಂತು ಗೈಡ್ ತಿರುವುವ ಹುಡುಗನಿಗೆ ಐದು ನಿಮಿಷದ ಲೆಕ್ಕ ಸಾಕು. ಪಿಯುಸಿಯಲ್ಲಿ ಹತ್ತನೆಯ ತರಗತಿಯ ಬೀಜಗಣಿತ ಬೇಕಾದವನಿಗೆ ಸಾಲದು. 2013ರಲ್ಲಿ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳ ಮೇಲಿನ ಸಂಶೋಧನೆಗಳನ್ನೆಲ್ಲ ಒರೆಗೆ ಹಚ್ಚಿದಾಗ ಗೆರೆ ಎಳೆಯುವುದೂ ಮರು ಓದೂ ಕೆಳಗಿನ ಸಾಲಿಗೆ ಬಿದ್ದವು. ತಾನೇ ಪ್ರಶ್ನೆ ಹಾಕಿಕೊಂಡು ಉತ್ತರಿಸುವುದು, ಓದನ್ನು ಒಂದೇ ದಿನ ತುರುಕದೆ ದಿನಗಳ ಮೇಲೆ ಹರಡುವುದು, ಇವೆರಡೇ ಮೇಲಿನ ಸಾಲಿನಲ್ಲಿ ನಿಂತವು. ವಿಚಿತ್ರವೆಂದರೆ ಎರಡೂ ಮಾಡುವಾಗ ಕಷ್ಟ, ಕಿರಿಕಿರಿ. ತಪ್ಪು ಉತ್ತರ ಬರುತ್ತದೆ, ಮರೆತದ್ದು ಬಯಲಾಗುತ್ತದೆ. ಚೆನ್ನಾಗಿ ಕಲಿಯುತ್ತಿರುವಾಗ ಏನೂ ಬರುತ್ತಿಲ್ಲ ಎನ್ನಿಸುವುದು ಈ ದಾರಿಯ ಲಕ್ಷಣ.

ಗೆಳೆಯರ ಅಗತ್ಯ ಬರುವುದು ಇಲ್ಲಿ. ತನಗೆ ತಾನೇ ಪ್ರಶ್ನೆ ಹಾಕಿಕೊಂಡು, ತನಗೆ ತಾನೇ ‘ತಪ್ಪು’ ಎಂದು ಹೇಳಿಕೊಳ್ಳುವ ಶಿಸ್ತು ಹದಿನೈದು ವರ್ಷದವರಲ್ಲಿ ಅಪರೂಪ. ಐವತ್ತರವರಲ್ಲೂ ಅಪರೂಪವೇ. ಎದುರಿಗೆ ಕೂತ ಗೆಳತಿ ‘ಅದು ಯಾಕೆ ಹಾಗೆ?’ ಎಂದರೆ ತಪ್ಪಿಸಿಕೊಳ್ಳುವಂತಿಲ್ಲ.

ಒಂಟಿ ಓದಿಗೂ ಜೊತೆ ಓದಿಗೂ ಇರಬೇಕಾದ ಹೊಂದಾಣಿಕೆಯನ್ನು ಯೂರಿ ಟ್ರೈಸ್‌ಮನ್ ಎಂಬ ಗಣಿತದ ಅಧ್ಯಾಪಕ ಸುಮಾರು ಐವತ್ತು ವರ್ಷಗಳ ಹಿಂದೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಣ್ಣಾರೆ ಕಂಡ. ಅಲ್ಲಿ ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚಾಗಿ ನಪಾಸಾಗುತ್ತಿದ್ದರು, ಚೀನೀ ಮೂಲದವರು ಮುಂದಿರುತ್ತಿದ್ದರು. ಕಾರಣವೇನೆಂದು ಸಹೋದ್ಯೋಗಿಗಳನ್ನು ಕೇಳಿದರೆ ಎಲ್ಲರ ಬಳಿಯೂ ಸಿದ್ಧ ಉತ್ತರವಿತ್ತು: ಆಸಕ್ತಿ ಸಾಲದು, ಬುನಾದಿ ಸರಿಯಿಲ್ಲ, ಮನೆಯಲ್ಲಿ ಪ್ರೋತ್ಸಾಹವಿಲ್ಲ. ಟ್ರೈಸ್‌ಮನ್ ಎರಡೂ ಕಡೆಯಿಂದ 20-20 ವಿದ್ಯಾರ್ಥಿಗಳನ್ನು ಆರಿಸಿಕೊಂಡು ಅವರು ಓದುವ ಕಡೆಗೆಲ್ಲ ಹಿಂದೆ ಹೋದ. ಕಪ್ಪು ವಿದ್ಯಾರ್ಥಿಗಳು ಅಧ್ಯಾಪಕರು ಹೇಳಿದಷ್ಟು ಗಂಟೆ, ವಾರಕ್ಕೆ ಆರರಿಂದ ಎಂಟು, ಪ್ರಾಮಾಣಿಕವಾಗಿ ಓದುತ್ತಿದ್ದರು. ಒಬ್ಬರೇ ಓದುತ್ತಿದ್ದರು. ಸ್ನೇಹ ಬೇರೆ, ಓದು ಬೇರೆ. ಚೀನೀ ವಿದ್ಯಾರ್ಥಿಗಳೂ ಎಂಟು ಹತ್ತು ಗಂಟೆ ಒಂಟಿಯಾಗಿಯೇ ಲೆಕ್ಕ ಬಿಡಿಸುತ್ತಿದ್ದರು. ಆಮೇಲೆ ಸಂಜೆ ಸೇರಿ ಊಟ ಮಾಡುತ್ತ ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು, ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಪರಸ್ಪರ ಪರೀಕ್ಷೆ ಮಾಡುತ್ತಿದ್ದರು. ನಡುವೆ ಯಾರದೋ ಅಣ್ಣನೋ ದೊಡ್ಡಪ್ಪನ ಮಗನೋ ಬಂದು ಪ್ರಶ್ನೆ ಕೇಳಿ ಹೋಗುತ್ತಿದ್ದ. ತಮಗೆ ಬಾರದ ಲೆಕ್ಕ ಉಳಿದವರಿಗೂ ಬಂದಿಲ್ಲವೆಂದು ಆ ಗುಂಪಿಗೆ ಗೊತ್ತಾಗುತ್ತಿತ್ತು. ಒಂಟಿಯಾಗಿ ಕೂತವನಿಗೆ ಅದೇ ಲೆಕ್ಕ ‘ನಾನು ದಡ್ಡ’ ಎಂಬ ತೀರ್ಪಾಗುತ್ತಿತ್ತು. ಟ್ರೈಸ್‌ಮನ್ ಮುಂದೆ ಕಟ್ಟಿದ ಕಾರ್ಯಾಗಾರಗಳು ಸುಲಭದ ಲೆಕ್ಕ ಕೊಟ್ಟು ಕೈ ಹಿಡಿಯುವ ‘ಹಿಂದುಳಿದವರ ತರಗತಿ’ ಆಗಿರಲಿಲ್ಲ. ಕಠಿಣ ಲೆಕ್ಕಗಳನ್ನೇ ಕೊಟ್ಟು ಒಟ್ಟಿಗೆ ಕೂರಿಸುತ್ತಿದ್ದವು. ಫಲಿತಾಂಶ ಬದಲಾಯಿತು.

ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1991ರಿಂದ ತನ್ನ ತರಗತಿಯಲ್ಲಿ ನಡೆಸಿದ್ದೂ ಇದೇ ಕ್ರಮ. ಪ್ರಶ್ನೆ ಹಾಕಿದ ಮೇಲೆ ಮೊದಲು ಎಲ್ಲರೂ ಸುಮ್ಮನೆ ಯೋಚಿಸಿ ಉತ್ತರಕ್ಕೆ ಗುರುತು ಹಾಕಬೇಕು. ಆಮೇಲೆ ಪಕ್ಕದವರೊಡನೆ ವಾದಿಸಬೇಕು, ಮತ್ತೆ ಗುರುತು ಹಾಕಬೇಕು. ಮೌನ ಮೊದಲು, ಮಾತು ಆಮೇಲೆ. ಈ ಕ್ರಮ ತಪ್ಪಿದ ಕಡೆಯೆಲ್ಲ ಕಂಬೈಂಡ್ ಸ್ಟಡಿ ಹರಟೆಯಾಗುತ್ತದೆ, ಇಲ್ಲವೇ ಒಬ್ಬ ಜಾಣ ಬಿಡಿಸಿ ಮೂವರು ಕಾಪಿ ಮಾಡುವ ಕಾರ್ಯಕ್ರಮವಾಗುತ್ತದೆ.

ಇದೆಲ್ಲ ಅಮೆರಿಕದ ಸುದ್ದಿ, ನಮಗೇಕೆ ಎನ್ನುವವರು ಬಳ್ಳಾರಿಗೆ ಬರಬೇಕು. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರಾಂತ್ಯದ ಕಲೆಕ್ಟರುಗಳಿಂದ ಊರ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತೆಲುಗು ವ್ಯಾಕರಣ ಬರೆದಿದ್ದವ, ದೇಶಭಾಷೆಗಳಲ್ಲಿ ಆಸಕ್ತಿಯಿದ್ದವ. 1823ರ ಆಗಸ್ಟ್‌ನಲ್ಲಿ ಆತ ಕಳಿಸಿದ ವರದಿ ಉಳಿದ ಜಿಲ್ಲೆಗಳ ಒಣ ಪಟ್ಟಿಗಳ ನಡುವೆ ಬೇರೆಯಾಗಿಯೇ ಕಾಣುತ್ತದೆ. ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು. ಅದರಲ್ಲಿ ಕನ್ನಡದ ಶಾಲೆಗಳು 235, ತೆಲುಗಿನವು 226. ಹುಡುಗಿಯರು ಬರೀ 60.

ನಮ್ಮ ಹಿರಿಯರ ಬಾಯಲ್ಲಿ ಕೂಲಿ ಮಠ ಎನಿಸಿಕೊಂಡಿದ್ದ ಶಾಲೆಗಳು ಇವೇ. ಬೆಳಗಿನ ಆರಕ್ಕೆ ಶುರು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನ ಅಂಗೈಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತಿತ್ತು. ಅಕ್ಷರ ತಿದ್ದುವುದು ಮರಳಿನ ಮೇಲೆ. ಸೋಮಾರಿಗಳನ್ನು ಕೈಕಟ್ಟಿ ಸೂರಿಗೆ ಎತ್ತುವ ಶಿಕ್ಷೆಯನ್ನೂ ಕ್ಯಾಂಪ್‌ಬೆಲ್ ದಾಖಲಿಸಿದ್ದಾನೆ. ಕೋದಂಡ ಎಂದು ಕನ್ನಡಿಗರು ಅದನ್ನು ಬಹುಕಾಲ ನೆನೆದರು. ಆತ ಮನಸಾರೆ ಮೆಚ್ಚಿದ್ದು ಎರಡನ್ನು: ಖರ್ಚಿಲ್ಲದೆ ಬರವಣಿಗೆ ಕಲಿಸುವ ಬಗೆ, ಮತ್ತು ಮುಂದಿದ್ದ ಹುಡುಗರು ಹಿಂದಿದ್ದವರಿಗೆ ಕಲಿಸುವ ಕ್ರಮ. ಕಲಿಸುತ್ತ ಕಲಿಸುತ್ತ ದೊಡ್ಡ ಹುಡುಗರ ತಿಳಿವೂ ಗಟ್ಟಿಯಾಗುತ್ತದೆಂದು ಆತ ಗಮನಿಸಿದ್ದ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದೂ ಬರೆದ.

ಅನುಕರಣೆ ನಿಜ. ಆಂಡ್ರೂ ಬೆಲ್ ಎಂಬ ಪಾದ್ರಿ ಮದ್ರಾಸಿನ ಎಗ್ಮೋರಿನ ಗಂಡುಮಕ್ಕಳ ಅನಾಥಾಲಯ ನೋಡಿಕೊಳ್ಳುತ್ತಿದ್ದಾಗ ನಾಡಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲೂ ತಂದ, ಮಕ್ಕಳಿಂದಲೇ ಮಕ್ಕಳಿಗೆ ಕಲಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಮುಂದೆ ಅಲ್ಲಿ ‘ಮದ್ರಾಸ್ ಪದ್ಧತಿ’ ಎಂದು ಹೆಸರಾದ ವ್ಯವಸ್ಥೆಯಲ್ಲಿ ಒಂದೇ ದೊಡ್ಡ ಹಾಲ್‌ನಲ್ಲಿ ನೂರಾರು ಬಡ ಮಕ್ಕಳು, ಒಬ್ಬ ಮೇಷ್ಟ್ರು, ಸಾಲಿಗೊಬ್ಬ ಮಾನಿಟರ್. ಕೂಲಿ ಮಠದ ಜಗಲಿಯ ಮೇಲಿನ ಸಣ್ಣ ಗುಂಪಿನಲ್ಲಿದ್ದ ಒಡನಾಟ ಅಷ್ಟರಲ್ಲಿ ಕಡಿಮೆ ಖರ್ಚಿನ ಕವಾಯತಾಗಿತ್ತು. ನಮ್ಮ ತರಗತಿಗಳಲ್ಲಿ ಇವತ್ತಿಗೂ ‘ಮಾನಿಟರ್’ ಇದ್ದಾನೆ, ಆದರೆ ಅವನ ಕೆಲಸ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು. ಕಲಿಸುವವನಾಗಿ ಹೋದವನು ಕಾವಲುಗಾರನಾಗಿ ಬಂದ.

ಕೂಲಿ ಮಠವನ್ನು ಹೊಗಳಿ ಅಟ್ಟಕ್ಕೇರಿಸುವ ಅಗತ್ಯವಿಲ್ಲ. ಹುಡುಗರು ಪದ್ಯಗಳನ್ನು ರಾಶಿ ರಾಶಿ ಬಾಯಿಪಾಠ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ತಿಳಿದಿರುತ್ತದೆ ಎಂದು ಅದೇ ಕ್ಯಾಂಪ್‌ಬೆಲ್ ಅದೇ ವರದಿಯಲ್ಲಿ ಟೀಕಿಸಿದ. ಯಾವ ಯಾವ ಮನೆಯ ಮಕ್ಕಳಿಗೆ ಆ ಜಗಲಿ ಹತ್ತಲು ಬಿಡುತ್ತಿರಲಿಲ್ಲ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಮಕ್ಕಳು ಮಕ್ಕಳಿಗೆ ಕಲಿಸುವುದು ಹೊರಗಿನಿಂದ ಆಮದಾದ ಫ್ಯಾಷನ್ ಎಂದು ಮೂಗು ಮುರಿಯುವವರಿಗೆ ಇಷ್ಟು ಹೇಳಬಹುದು: ಅದು ಬಳ್ಳಾರಿಯಲ್ಲಿ ಇತ್ತು.

ಬಳ್ಳಾರಿಯಿಂದ ಹೆಗ್ಗಡದೇವನಕೋಟೆಗೆ ಬಂದರೆ 1995. ಆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ತಾವೇ ಕಾರ್ಡು, ಹಾಡು, ಆಟಗಳನ್ನು ರಚಿಸಿ ‘ನಲಿ-ಕಲಿ’ ಶುರುಮಾಡಿದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ಹರಡಿತು. ನಲಿ-ಕಲಿ ಕೋಣೆಯಲ್ಲಿ ಬೆಂಚಿಲ್ಲ. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಕೆಲಸ ತೂಗುವ ಚಪ್ಪರ. ಮಕ್ಕಳು ಕೂರುವುದು ‘ತಟ್ಟೆ’ಗಳಲ್ಲಿ, ಅಂದರೆ ಗುಂಪುಗಳಲ್ಲಿ. ಒಂದು ತಟ್ಟೆಯಲ್ಲಿ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದರಲ್ಲಿ ಅಲ್ಪಸ್ವಲ್ಪ. ಮುಂದಿನ ಎರಡರಲ್ಲಿ ಜೊತೆಯ ಮಗುವಿನ ಸಹಾಯ. ಕೊನೆಯದು ಸ್ವಕಲಿಕೆ. ಒಂದೊಂದು ಮೈಲಿಗಲ್ಲಿನ ಚಟುವಟಿಕೆಗಳ ಪ್ರಕಾರ ಮಗು ತಟ್ಟೆ ಬದಲಿಸುತ್ತ ಹೋಗುತ್ತದೆ. ಯಾವಾಗ ಮೇಷ್ಟ್ರು ಬೇಕು, ಯಾವಾಗ ಗೆಳತಿ ಸಾಕು, ಯಾವಾಗ ಒಬ್ಬಳೇ ಮಾಡಬೇಕು ಎಂಬ ಲೆಕ್ಕಾಚಾರ ಕೂರುವ ಜಾಗದಲ್ಲೇ ಅಡಕವಾಗಿದೆ. ಟ್ರೈಸ್‌ಮನ್ ಬರ್ಕ್ಲಿಯಲ್ಲಿ ಕಂಡದ್ದನ್ನು ಕಾಡಂಚಿನ ತಾಲ್ಲೂಕಿನ ಮೇಷ್ಟ್ರುಗಳು ಆರು ವರ್ಷದ ಮಕ್ಕಳಿಗೆ ಒಗ್ಗಿಸಿದ್ದರು.

ನಲಿ-ಕಲಿಯ ಕಷ್ಟಗಳೂ ಇವೆ. ಮೂರು ತರಗತಿಯ ಮಕ್ಕಳನ್ನು ಒಬ್ಬರೇ ನಿಭಾಯಿಸುವ ಶಿಕ್ಷಕಿಗೆ ಕಾರ್ಡು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ‘ಸ್ಕೂಲಲ್ಲಿ ಬರೀ ಆಟ ಆಡಿಸ್ತಾರೆ’ ಎಂದು ಪೋಷಕರು ದೂರುತ್ತಾರೆ. ದೊಡ್ಡ ದೋಷ ಬೇರೆಯೇ ಇದೆ, ಅದು ಪದ್ಧತಿಯದ್ದಲ್ಲ. ನಾಲ್ಕನೆಯ ತರಗತಿಗೆ ಕಾಲಿಟ್ಟ ಕೂಡಲೇ ತಟ್ಟೆ ಮಾಯವಾಗುತ್ತದೆ. ಬೆಂಚು ಬರುತ್ತದೆ, ಎಲ್ಲರ ಮುಖ ಬೋರ್ಡಿನ ಕಡೆ ತಿರುಗುತ್ತದೆ. ಮೂರು ವರ್ಷ ‘ಪಕ್ಕದವಳನ್ನು ಕೇಳು’ ಎಂದ ಶಾಲೆ ಇನ್ನು ‘ಪಕ್ಕದವಳ ಹತ್ತಿರ ಮಾತಾಡಬೇಡ’ ಎನ್ನುತ್ತದೆ. ಹತ್ತನೆಯ ತರಗತಿಯಲ್ಲಿ ಪರೀಕ್ಷೆಯ ಬಿಸಿ ತಟ್ಟಿದಾಗ ಅದೇ ಇಲಾಖೆಗೆ ಮತ್ತೆ ‘ಗುಂಪು ಅಧ್ಯಯನ’ ನೆನಪಾಗುತ್ತದೆ. ಬೆಳಗಿನ ಜಾವ ಮಕ್ಕಳಿಗೆ ಫೋನ್ ಮಾಡಿ ಎಬ್ಬಿಸುವ, ಸಂಜೆ ಮನೆ ಮನೆಗೆ ಹೋಗಿ ಓದುತ್ತಿದ್ದಾರೆಯೇ ಎಂದು ನೋಡುವ ಶಿಕ್ಷಕರು ಎಷ್ಟೋ ಜಿಲ್ಲೆಗಳಲ್ಲಿದ್ದಾರೆ. ಅವರ ಶ್ರಮ ದೊಡ್ಡದು. ಆದರೆ ಆರು ವರ್ಷ ಕೈಬಿಟ್ಟ ಅಭ್ಯಾಸವನ್ನು ಆರು ವಾರದಲ್ಲಿ ಕೂಡಿಸಲು ಹೊರಟರೆ ಕೈಗೆ ಸಿಗುವುದು ‘ಪಾಸಿಂಗ್ ಪ್ಯಾಕೇಜ್’ ಮಾತ್ರ: ಇಂತಿಷ್ಟು ನಕ್ಷೆ, ಇಂತಿಷ್ಟು ಪ್ರಮೇಯ, ಇಂತಿಷ್ಟು ಪದ್ಯ ಬಾಯಿಪಾಠ, ದಾಟಿಕೋ.

2023-24ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಒಂದರಲ್ಲಿ ತಪ್ಪಿದರೆ ಇನ್ನೊಂದು ಅವಕಾಶ ಎಂಬುದು ಮಕ್ಕಳ ಎದೆಯ ಭಾರ ಇಳಿಸುವ ಕ್ರಮವೇ. ಪರೀಕ್ಷೆಗಳ ನಡುವಿನ ಆ ಕೆಲವು ವಾರಗಳಲ್ಲಿ ತಪ್ಪಿದ ಮಗು ಎಲ್ಲಿ, ಯಾರ ಜೊತೆ ಕೂತು ಓದಬೇಕು ಎಂಬುದು ಅದರ ಮುಂದಿನ ಪ್ರಶ್ನೆ. ಜೊತೆಯವರು ಪಾಸಾಗಿ ಕಾಲೇಜಿನ ಅರ್ಜಿ ಹಿಡಿದು ಓಡಾಡುತ್ತಿರುವಾಗ ಒಂಟಿತನದ ಪಾಡು ತಪ್ಪಿದವರಿಗೇ ಗೊತ್ತು.

ಹೀಗೆ ಮಾತು ಮತ್ತೆ ಜಾಗಕ್ಕೆ ಬಂದು ನಿಲ್ಲುತ್ತದೆ. ಕೊರೊನಾ ಕಾಲದಲ್ಲಿ ಒಮ್ಮೆ ರಾಜ್ಯ ಇದಕ್ಕೆ ಉತ್ತರ ಹುಡುಕಿತ್ತು. 2020ರ ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’ದಲ್ಲಿ ಶಿಕ್ಷಕರು ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳಿಗೆ ಹೋಗಿ ಸುತ್ತಲಿನ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿದರು. ಜನ ಅದನ್ನು ವಠಾರ ಶಾಲೆ ಎಂದರು. ಸೋಂಕು ಹರಡಿದ ಸುದ್ದಿಗಳ ನಡುವೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಅದು ಸರಿಯೇ. ರೋಗ ಹೋದ ಮೇಲೆ ವಠಾರವೂ ಹೋಯಿತು. ಓದಲು ಕಟ್ಟಡಕ್ಕಿಂತ ಹೆಚ್ಚಾಗಿ ನಡೆದು ಹೋಗುವಷ್ಟು ಹತ್ತಿರದ, ಬೆಳಕಿರುವ, ಯಾರಾದರೂ ದೊಡ್ಡವರಿರುವ ಒಂದು ಮೂಲೆ ಬೇಕು ಎಂಬ ಪಾಠ ಮಾತ್ರ ಯಾರ ನೋಟ್ಸಿನಲ್ಲೂ ಉಳಿಯಲಿಲ್ಲ.

ನಗರದಲ್ಲಿ ಈ ಮೂಲೆ ಎಲ್ಲಿದೆ? ಶಾಖಾ ಗ್ರಂಥಾಲಯದಲ್ಲಿ ಮೌನವೇ ನಿಯಮ. ಮಾತಾಡಿ ಕಲಿಯುವವರನ್ನು ಅಲ್ಲಿಂದ ಎಬ್ಬಿಸಿ ಕಳಿಸುತ್ತಾರೆ, ಪತ್ರಿಕೆ ಓದುವ ಹಿರಿಯರ ದೃಷ್ಟಿಯಿಂದ ಅದೂ ನ್ಯಾಯವೇ. ಬೆಂಗಳೂರಿನ ವಿಜಯನಗರದಲ್ಲಿ, ಧಾರವಾಡದ ಸಪ್ತಾಪುರದಲ್ಲಿ ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಓದುವವರಿಗಾಗಿ ತಿಂಗಳ ಬಾಡಿಗೆಯ ಓದುಕೋಣೆಗಳಿವೆ. ಅಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು ಗೂಡು, ಮಾತಿಲ್ಲ. ಕೆಫೆಯಲ್ಲಿ ಒಂದು ಕಾಫಿ ಹಿಡಿದು ಎರಡು ಗಂಟೆ ಕೂರುವ ಧೈರ್ಯ ಐಟಿ ಕಂಪನಿಯವರಿಗಿದೆ, ಹತ್ತನೇ ತರಗತಿಯವರಿಗಿಲ್ಲ. ಪಾರ್ಕಿನ ಬೆಂಚು ಸಂಜೆ ಆರೂವರೆಯ ನಂತರ ಸೊಳ್ಳೆಗಳದ್ದು.

ಹಳ್ಳಿಗಳು ಈ ವಿಷಯದಲ್ಲಿ ನಗರಕ್ಕಿಂತ ಒಂದು ಹೆಜ್ಜೆ ಮುಂದಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ 2020ರ ಮಕ್ಕಳ ದಿನದಂದು ‘ಓದುವ ಬೆಳಕು’ ಎಂಬ ಅಭಿಯಾನ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ‘ಅರಿವು ಕೇಂದ್ರ’ ಎಂಬ ಹೊಸ ಹೆಸರಿನಲ್ಲಿ ಹಲವು ಕಡೆ ಗೋಡೆಗೆ ಬಣ್ಣ, ಕಂಪ್ಯೂಟರ್, ಮಕ್ಕಳ ಚಟುವಟಿಕೆ ಬಂದವು. ಎಲ್ಲ ಕಡೆ ಒಂದೇ ಸಮ ನಡೆಯುತ್ತಿಲ್ಲ, ನಿಜ. ನಗರದ ಅಂಚಿನ ಊರುಗಳು ಮಾತ್ರ ಎರಡೂ ಕಡೆ ತಪ್ಪಿಸಿಕೊಂಡಿವೆ. ಪಂಚಾಯಿತಿಯಿಂದ ಬಿಟ್ಟುಹೋದವು, ನಗರದ ಸೌಲಭ್ಯ ಇನ್ನೂ ಪೂರ್ತಿ ಕೈಗೆ ಸಿಗಲಿಲ್ಲ. ಆದರೆ ನಗರಕ್ಕೆ ಅವುಗಳ ತೆರಿಗೆ ಸಿಗುತ್ತಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಸಿಂಗಾಪುರದ ಮನೆ ಮಾಲೀಕರ ರಸೀದಿಯಲ್ಲೂ ಅದಿದೆ, ಬಾಡಿಗೆಯ ಮೂಲಕ ಬಾಡಿಗೆದಾರರೂ ಕಟ್ಟುತ್ತಿದ್ದಾರೆ. ಸಂಗ್ರಹಿಸಿದ ಕರವನ್ನು ಪಾಲಿಕೆ ಗ್ರಂಥಾಲಯ ಇಲಾಖೆಗೆ ಸರಿಯಾಗಿ ದಾಟಿಸುತ್ತಿಲ್ಲ ಎಂಬ ದೂರು ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಹೊಸ ಪಾಲಿಕೆಗಳು ಹಳೆಯ ಬಾಕಿಯ ಜೊತೆಗೆ ಹಳೆಯ ಚಾಳಿಯನ್ನೂ ಹೊತ್ತು ತರದಿದ್ದರೆ ಒಳ್ಳೆಯದು.

ಹೆಸರು ಹಂಚಿಕೊಂಡ ಇನ್ನೊಂದು ಸಿಂಗಾಪುರದ ಕಡೆ ಒಮ್ಮೆ ನೋಡಬಹುದು. 2015ರಲ್ಲಿ ನಡೆದ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಮೊದಲ ಬಾರಿಗೆ ‘ಸೇರಿ ಸಮಸ್ಯೆ ಬಿಡಿಸುವ’ ಸಾಮರ್ಥ್ಯವನ್ನು ಅಳೆದಾಗ ಆ ದೇಶದ ಮಕ್ಕಳು 561 ಅಂಕದೊಂದಿಗೆ ಎಲ್ಲರಿಗಿಂತ ಮುಂದಿದ್ದರು. ಅಲ್ಲಿಯ ಸರ್ಕಾರ 2023ರ ಹೊತ್ತಿಗೆ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಮಧ್ಯವಾರ್ಷಿಕ ಪರೀಕ್ಷೆಗಳನ್ನು ತೆಗೆದುಹಾಕಿತು. ಹಾಗೆಂದು ಅದು ಸ್ವರ್ಗವಲ್ಲ, ಟ್ಯೂಷನ್ ಹುಚ್ಚಿನಲ್ಲಿ ಅವರು ನಮಗೇ ಪಾಠ ಹೇಳುವಷ್ಟಿದ್ದಾರೆ. ಕಲಿಯಬೇಕಾದ್ದು ಸಣ್ಣ ಸಂಗತಿ. ಸರ್ಕಾರಿ ವಸತಿ ಗೋಪುರಗಳ ಕೆಳಗಿನ ಖಾಲಿ ಅಂತಸ್ತಿನಲ್ಲಿ, ಸಮುದಾಯ ಕೇಂದ್ರಗಳಲ್ಲಿ ಮಕ್ಕಳು ಕೂತು ಓದುವ ಮೇಜುಗಳಿವೆ. ಪರೀಕ್ಷೆಯ ಕಾಲದಲ್ಲಿ ಚಾಂಗಿ ವಿಮಾನ ನಿಲ್ದಾಣವೇ ವಿದ್ಯಾರ್ಥಿಗಳಿಗೆ ಓದುವ ಜಾಗ ಮಾಡಿಕೊಟ್ಟದ್ದಿದೆ. ನಮ್ಮ ಸಿಂಗಾಪುರದ ಉತ್ತರಕ್ಕೂ ಒಂದು ವಿಮಾನ ನಿಲ್ದಾಣವಿದೆ. ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ, ಆ ಮಾತು ಬೇಡ.

ವಿಮಾನ ನಿಲ್ದಾಣದಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಪ್ರತಿ ವಾರ್ಡಿನಲ್ಲೂ ಸಂಜೆ ನಾಲ್ಕೂವರೆಗೆ ಬೀಗ ಬೀಳುವ ಸರ್ಕಾರಿ ಶಾಲೆಯ ಕೋಣೆಗಳಿವೆ. ಡೆಸ್ಕಿದೆ, ಬೋರ್ಡಿದೆ, ಫ್ಯಾನಿದೆ, ಕಾಂಪೌಂಡಿದೆ. ಆರರಿಂದ ಎಂಟೂವರೆಯವರೆಗೆ ಎರಡು ಕೋಣೆ ತೆರೆದರೆ ಸಾಕು: ಒಂದರಲ್ಲಿ ಮೌನ, ಇನ್ನೊಂದರಲ್ಲಿ ಮಾತು. ಮೊದಲು ಮೌನದ ಕೋಣೆಯಲ್ಲಿ ಕೂತು ತಾನೇ ಬಿಡಿಸಬೇಕು, ಸಿಕ್ಕಿಬಿದ್ದ ಲೆಕ್ಕ ಹಿಡಿದು ಮಾತಿನ ಕೋಣೆಗೆ ಬರಬೇಕು. ಖಾಸಗಿ ಶಾಲೆಯ ಮಗು, ಸರ್ಕಾರಿ ಶಾಲೆಯ ಮಗು, ಪೇಯಿಂಗ್ ಗೆಸ್ಟ್‌ನಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿ ಯಾರು ಬೇಕಾದರೂ ಬರಲಿ. ಬರ್ಕ್ಲಿಯ ಗುಂಪಿನಲ್ಲಿ ನಡುವೆ ಬಂದು ಪ್ರಶ್ನೆ ಕೇಳುತ್ತಿದ್ದ ಅಣ್ಣನ ಪಾತ್ರಕ್ಕೆ ಈ ಸೀಮೆಯಲ್ಲಿ ಜನರ ಕೊರತೆಯಿಲ್ಲ. ಜಿಕೆವಿಕೆಯಲ್ಲಿ ಕೃಷಿ ಪದವಿಯ ಕೊನೆಯ ವರ್ಷದವರು ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ತಂಡವಾಗಿ ಉಳಿದು ರೈತರ ಜೊತೆ ಕಲಿಯುವುದು ಕೋರ್ಸಿನ ಭಾಗವೇ ಆಗಿದೆ. ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳೂ ತಮ್ಮ ವಿದ್ಯಾರ್ಥಿಗಳ ಸಮಾಜ ಸೇವೆಯ ಗಂಟೆಗಳನ್ನು ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವ ಬದಲು ಇಲ್ಲಿ ಕಳೆಯಲು ಬಿಡಬಹುದು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಹೆಚ್ಚಾಗಿ 600 ದಾಟುವ ಮಕ್ಕಳ ಮನೆಗಳಿಂದ. ನಮ್ಮ ಹುಡುಗಿ ಬೇರೆಯವರಿಗೆ ಹೇಳಿಕೊಡುತ್ತ ಕೂತರೆ ಅವಳ ಓದು ಹಿಂದೆ ಬೀಳುವುದಿಲ್ಲವೇ? 625ಕ್ಕೆ 625ರ ಫ್ಲೆಕ್ಸ್ ಕಟ್ಟುವ ಊರಿನಲ್ಲಿ ಈ ಭಯ ಸಹಜ. ಸಾಕ್ಷ್ಯ ಮಾತ್ರ ಇನ್ನೊಂದು ಕಡೆಗಿದೆ. 2014ರಲ್ಲಿ ನೆಸ್ಟೊಯ್ಕೊ ಮತ್ತು ಸಂಗಡಿಗರು ಒಂದೇ ಪಠ್ಯವನ್ನು ಎರಡು ಗುಂಪಿಗೆ ಕೊಟ್ಟರು. ಪರೀಕ್ಷೆ ಇದೆ ಎಂದು ಒಂದಕ್ಕೆ ಹೇಳಿದರು, ಇದನ್ನು ಇನ್ನೊಬ್ಬರಿಗೆ ಕಲಿಸಬೇಕು ಎಂದು ಇನ್ನೊಂದಕ್ಕೆ. ಕೊನೆಗೆ ಯಾರೂ ಕಲಿಸಲಿಲ್ಲ, ಎರಡೂ ಗುಂಪು ಪರೀಕ್ಷೆಯನ್ನೇ ಬರೆದವು. ಕಲಿಸಬೇಕೆಂದು ಓದಿದವರು ಹೆಚ್ಚು ನೆನಪಿಟ್ಟಿದ್ದರು, ಮುಖ್ಯಾಂಶಗಳನ್ನು ಹೆಚ್ಚು ಕ್ರಮವಾಗಿ ಹೇಳಿದರು. ಬರೀ ಉತ್ತರ ಪಡೆದು ಬರೆದುಕೊಂಡವನಿಗೆ ಇಂಥ ಲಾಭವಿಲ್ಲ. ಆದ್ದರಿಂದ ಮಾತಿನ ಕೋಣೆಗೆ ಇರಬೇಕಾದ ಒಂದೇ ಕಟ್ಟುನಿಟ್ಟು: ಉತ್ತರ ಕೊಡುವಂತಿಲ್ಲ, ದಾರಿ ಹೇಳಬಹುದು. ನಾಲ್ಕಕ್ಕಿಂತ ಹೆಚ್ಚು ಮಂದಿಯ ಗುಂಪು ಬೇಡ, ರಿಂಗೆಲ್‌ಮನ್‌ನ ಹಗ್ಗ ಎಲ್ಲರಿಗೂ ನೆನಪಿರಲಿ. ಫೋನು ಬಾಗಿಲ ಬಳಿಯ ಡಬ್ಬಿಯಲ್ಲಿರಲಿ, ನಾಲ್ವರದ್ದೂ.

ದುಡ್ಡು ದೊಡ್ಡ ಅಡ್ಡಿಯಲ್ಲ. ದೀಪದ ಬಿಲ್ಲು, ಕಾವಲಿಗೆ ಒಬ್ಬರ ಸಂಬಳ, ಕಸ ಗುಡಿಸುವವರಿಗೆ ಒಂದಿಷ್ಟು, ಇದಕ್ಕೆ ಗ್ರಂಥಾಲಯ ಕರದ ಒಂದು ಚೂರು ಸಾಕು. ಅಡ್ಡಿಯಿರುವುದು ಬೀಗದ ಕೈಯಲ್ಲಿ. ಸಂಜೆ ಏನಾದರೂ ಹೆಚ್ಚುಕಡಿಮೆಯಾದರೆ ಯಾರು ಹೊಣೆ ಎಂದು ಮುಖ್ಯಶಿಕ್ಷಕರು ಕೇಳುವುದು ತಪ್ಪಲ್ಲ. ಬೆಳಗಿನಿಂದ ಬಿಸಿಯೂಟ, ಮೊಟ್ಟೆ, ಸಮೀಕ್ಷೆ ಎಂದು ಓಡಾಡಿದವರ ತಲೆಗೆ ಇದನ್ನೂ ಕಟ್ಟುವುದು ಅನ್ಯಾಯ. ಶಾಲಾಭಿವೃದ್ಧಿ ಸಮಿತಿಗಳಲ್ಲಿ (ಎಸ್‌ಡಿಎಂಸಿ) ಪೋಷಕರಿದ್ದಾರೆ. ಬಡಾವಣೆಗಳಲ್ಲಿ ನಿವಾಸಿಗಳ ಸಂಘಗಳಿವೆ, ಬಿಇಎಲ್, ಎಚ್‌ಎಂಟಿಗಳಿಂದ ನಿವೃತ್ತರಾಗಿ ಸಂಜೆ ಹೊತ್ತು ಕಳೆಯುವುದು ಹೇಗೆಂದು ನೋಡುವ ಹಿರಿಯರು ಅವುಗಳಲ್ಲಿ ತುಂಬಾ ಇದ್ದಾರೆ. ಪಾಲಿಕೆ, ಶಿಕ್ಷಣ ಇಲಾಖೆ, ಸಂಘ ಮೂವರ ಸಹಿಯಿರುವ ಒಂದು ಹಾಳೆಯ ಒಪ್ಪಂದದಲ್ಲಿ ಹೊಣೆ ಯಾರದೆಂದು ಬರೆದುಕೊಂಡರೆ ಮುಖ್ಯಶಿಕ್ಷಕರು ಸಂಜೆ ನೆಮ್ಮದಿಯಿಂದ ಮನೆಗೆ ಹೋಗಬಹುದು. ಹೆಣ್ಣುಮಕ್ಕಳನ್ನು ಕಳಿಸಲು ಅಮ್ಮಂದಿರು ಒಪ್ಪಬೇಕಾದರೆ ಕೋಣೆಯಲ್ಲಿ ಒಬ್ಬ ಹೆಂಗಸು ಇರಬೇಕು, ಗೇಟಿನಿಂದ ಮುಖ್ಯರಸ್ತೆಯವರೆಗೆ ಬೀದಿದೀಪ ಉರಿಯಬೇಕು. ಎರಡನ್ನೂ ಒಪ್ಪಂದದ ಮೊದಲ ಸಾಲಿನಲ್ಲೇ ಸೇರಿಸಬೇಕು.

ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆ ಮಾರ್ಚ್‌ನಲ್ಲಿ ಬರುತ್ತದೆ. ಸಂಕ್ರಾಂತಿಗೆ ಕೋಣೆ ತೆರೆದರೆ ಅಲ್ಲಿ ನಡೆಯುವುದು ಪಾಸಿಂಗ್ ಪ್ಯಾಕೇಜ್ ವಿತರಣೆಯಷ್ಟೇ. ಶಾಲೆ ಶುರುವಾದ ಜೂನ್‌ನಲ್ಲೇ ತೆರೆದು, ವಾರಕ್ಕೆ ಮೂರು ಸಂಜೆ ನಡೆಸಿ, ದಸರಾ ರಜೆಯಲ್ಲೂ ಮುಚ್ಚದಿದ್ದರೆ ಒಬ್ಬೊಬ್ಬ ಹುಡುಗ ಹುಡುಗಿಗೆ ಮರೆಯಲು, ನೆನಪಿಸಿಕೊಳ್ಳಲು, ಜಗಳವಾಡಲು, ತಿದ್ದಿಕೊಳ್ಳಲು ಒಂಬತ್ತು ತಿಂಗಳು ಸಿಗುತ್ತವೆ.